ಒಳ್ಳೆಯ ಹೋಟೆಲ್ ಹುಡುಕುವುದು, ತಿಂದದ್ದರ ಬಗ್ಗೆ ನ್ಯಾಯವಾಗಿ ಬರೆಯುವುದು ಹೇಗೆ?

ಊರಿಗೆ ಬಂದ ನೆಂಟರು ‘ಇಲ್ಲಿ ಊಟಕ್ಕೆ ಎಲ್ಲಿ ಚೆನ್ನಾಗಿರುತ್ತದೆ?’ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಈಗ ಮೊಬೈಲ್ ತೆಗೆಯುತ್ತೇವೆ. ತುಮಕೂರಿನ ಬಿ.ಎಚ್. ರಸ್ತೆಯ ಉದ್ದಕ್ಕೂ, ಬಸ್ ನಿಲ್ದಾಣದ ಸುತ್ತಮುತ್ತ, ಎಸ್.ಎಸ್. ಪುರಂನ ಒಳರಸ್ತೆಗಳಲ್ಲಿ ಇರುವ ಹೋಟೆಲ್‌ಗಳಿಗೆ ಅಲ್ಲಿ ಹತ್ತಿರ ಹತ್ತಿರ ಒಂದೇ ಅಂಕ ಕಾಣುತ್ತದೆ: 4.1, 4.2, 4.3. ಬೆಳಗಿನ ಇಡ್ಲಿಗೆ ಹೆಸರಾದ ಕಡೆ ಮಧ್ಯಾಹ್ನದ ಊಟ ಸಾಧಾರಣವಾಗಿರಬಹುದು, ಮುದ್ದೆ ಊಟ ಸೊಗಸಾಗಿರುವ ಕಡೆ ಕಾಫಿ ಬಾಯಿಗಿಡುವಂತಿಲ್ಲದಿರಬಹುದು. ಇದಾವುದನ್ನೂ ಆ ಅಂಕ ಹೇಳುವುದಿಲ್ಲ. ಹಲವು ವರ್ಷಗಳಿಂದ ಈ ಊರಿನಲ್ಲಿ ತಿಂದು ಟಿಪ್ಪಣಿ ಮಾಡಿಕೊಳ್ಳುತ್ತಾ ಬಂದವನಾಗಿ, ಹೋಟೆಲ್ ಹುಡುಕುವುದಕ್ಕೂ ಅದರ ಬಗ್ಗೆ ಬರೆಯುವುದಕ್ಕೂ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ತಿನಿಸು, ಆಮೇಲೆ ಹೋಟೆಲ್

‘ಒಳ್ಳೆಯ ಹೋಟೆಲ್ ಯಾವುದು’ ಎಂದು ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ‘ಬೆಳಿಗ್ಗೆ ಏಳೂವರೆಗೆ ಒಳ್ಳೆಯ ತಟ್ಟೆ ಇಡ್ಲಿ ಎಲ್ಲಿ’ ಎಂದು ಹುಡುಕಿದರೆ ದಾರಿ ಸಿಗುತ್ತದೆ. ಆದ್ದರಿಂದ ಮೊದಲ ಹೆಜ್ಜೆಯಾಗಿ, ಯಾವ ತಿನಿಸು, ಯಾವ ಹೊತ್ತು, ಎಷ್ಟು ಜನ, ಎಷ್ಟು ಖರ್ಚು ಎಂಬುದನ್ನು ನಿಶ್ಚಯಿಸಿಕೊಳ್ಳಿ. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವಾಗ ನಿಂತು ತಿನ್ನುವ ದರ್ಶಿನಿ ಎಷ್ಟೇ ರುಚಿಯಾಗಿದ್ದರೂ ಆ ಹೊತ್ತಿಗೆ ಒಳ್ಳೆಯ ಹೋಟೆಲ್ ಆಗುವುದಿಲ್ಲ.

ಎರಡನೆಯ ಹೆಜ್ಜೆ ಕೇಳುವುದು. ಅದೇ ಹೋಟೆಲ್‌ನಲ್ಲಿ ದಿನವೂ ತಿನ್ನುವವರನ್ನು ಕೇಳಬೇಕು, ಏಕೆಂದರೆ ದಿನವೂ ತಿನ್ನುವವರಿಗೆ ರುಚಿಯ ಜೊತೆಗೆ ಹೊಟ್ಟೆಯ ಲೆಕ್ಕವೂ ಗೊತ್ತಿರುತ್ತದೆ. ನಸುಕಿನಲ್ಲೇ ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ತರುವವರು, ನಿಲ್ದಾಣದ ಆಟೊ ಚಾಲಕರು, ಹಾಸ್ಟೆಲ್‌ನಲ್ಲಿದ್ದು ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು, ಇವರೆಲ್ಲರೂ ಬೇರೆ ಬೇರೆ ಹೊತ್ತಿನ ಸಾಕ್ಷಿಗಳು. ‘ಎಲ್ಲಿ ಚೆನ್ನಾಗಿದೆ’ ಎಂದರೆ ಎಲ್ಲರೂ ಹೆಸರಾದ ಎರಡು ಹೋಟೆಲ್ ಹೇಳಿ ಸುಮ್ಮನಾಗುತ್ತಾರೆ; ‘ನೀವು ನಿನ್ನೆ ಎಲ್ಲಿ ತಿಂದಿರಿ’ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ಮೊಬೈಲ್‌ನಲ್ಲಿ ಸಿಗುವ ವಿಮರ್ಶೆಗಳನ್ನೂ ಬಿಡಬೇಕಾಗಿಲ್ಲ, ಓದುವ ರೀತಿ ಬೇರೆಯಾಗಬೇಕು. ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ಬದಿಗಿಟ್ಟು ಮೂರು ನಕ್ಷತ್ರ ಕೊಟ್ಟವರನ್ನು ಓದಿ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ವಿವರವಾಗಿ ಹೇಳುವವರು ಹೆಚ್ಚಾಗಿ ಅಲ್ಲಿ ಸಿಗುತ್ತಾರೆ. ಒಂದೇ ವಾರದಲ್ಲಿ ಒಂದೇ ಬಗೆಯ ಮಾತುಗಳಲ್ಲಿ ಹತ್ತಾರು ಹೊಗಳಿಕೆಗಳು ಬಂದಿದ್ದರೆ ನಂಬಬೇಡಿ. ಒಮ್ಮೆ ಒಂದು ಹೋಟೆಲ್‌ನಲ್ಲಿ ಊಟ ಮುಗಿಯುವ ಮೊದಲೇ ಮೇಜಿನ ಬಳಿ ಬಂದವರು, ಐದು ನಕ್ಷತ್ರ ಒತ್ತಿದರೆ ಜಾಮೂನು ಉಚಿತವೆಂದರು. ಅಕ್ಕಪಕ್ಕದ ಮೂರು ಮೇಜಿನವರು ಎಲೆಯ ಮುಂದೆಯೇ ಒತ್ತಿದರು. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಗ್ರಾಹಕರ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡವನ್ನು ತಂದಿದೆ. ಆದರೂ ಅದನ್ನು ಪಾಲಿಸುವುದು ಕಡ್ಡಾಯವಲ್ಲದ್ದರಿಂದ ಎಚ್ಚರ ನಮ್ಮ ಪಾಲಿಗೇ ಉಳಿಯುತ್ತದೆ.

ಕೂರುವ ಮುನ್ನ

ಹೋಟೆಲ್ ಒಳಗೆ ಹೋದ ಮೇಲೆ ಕೈ ತೊಳೆಯುವ ಜಾಗವನ್ನು ಮೊದಲು ನೋಡಿ, ಅಡುಗೆಮನೆಯ ಸ್ಥಿತಿಯನ್ನು ಅದು ಬಹುಮಟ್ಟಿಗೆ ಹೇಳಿಬಿಡುತ್ತದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಾಣುವಂತಿರಬೇಕು. 2022ರ ಜನವರಿ 1ರಿಂದ ಬಿಲ್‌ನಲ್ಲಿಯೂ ಅದನ್ನು ನಮೂದಿಸುವುದು ಕಡ್ಡಾಯವಾಗಿದೆ. ದರಪಟ್ಟಿ ಇದೆಯೇ, ಕುಡಿಯುವ ನೀರಿನ ಲೋಟಗಳನ್ನು ಹೇಗೆ ತೊಳೆಯುತ್ತಾರೆ, ಮೇಜು ಒರೆಸುವ ಬಟ್ಟೆ ಯಾವ ಬಣ್ಣಕ್ಕೆ ಬಂದಿದೆ ಎಂಬುದನ್ನು ಕೂತಲ್ಲಿಂದಲೇ ಗಮನಿಸಬಹುದು. ಸಂಜೆಯ ಹೊತ್ತು ಗೋಬಿ ಮಂಚೂರಿ ತರಿಸುವುದಿದ್ದರೆ ಬಣ್ಣವನ್ನು ನೋಡಿ. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದೆ, ಹಾಗಾಗಿ ಬೆರಳಿಗೆ ಅಂಟಿ ತೊಳೆದರೂ ಹೋಗದ ಕೆಂಪು ಕಂಡರೆ ಅದನ್ನು ಬರೆಯಲೇಬೇಕು.

ತಟ್ಟೆ ಇಡ್ಲಿಯನ್ನು ಅಳೆಯುವ ಬಗೆ

ಹೊಸ ಹೋಟೆಲ್‌ನಲ್ಲಿ ಐದಾರು ತಿನಿಸುಗಳನ್ನು ಒಟ್ಟಿಗೆ ತರಿಸಿದರೆ ಯಾವುದರ ರುಚಿಯೂ ನೆನಪಿನಲ್ಲಿ ನಿಲ್ಲುವುದಿಲ್ಲ. ಆ ಹೋಟೆಲ್ ಯಾವುದಕ್ಕೆ ಹೆಸರಾಗಿದೆಯೋ ಅದೊಂದನ್ನು ತರಿಸಿ, ನಿಧಾನವಾಗಿ ತಿನ್ನಿ. ತುಮಕೂರಿನವರಿಗೆ ಇದಕ್ಕೆ ತಟ್ಟೆ ಇಡ್ಲಿಗಿಂತ ಒಳ್ಳೆಯ ಪಾಠವಿಲ್ಲ. ಸಿದ್ಧಗಂಗೆಗೆ ಹೋಗುವವರೂ ಹೆದ್ದಾರಿಯಲ್ಲಿ ಹಾದುಹೋಗುವವರೂ ಕ್ಯಾತ್ಸಂದ್ರದಲ್ಲಿ ಇಳಿದು ತಿನ್ನುವ ಈ ಇಡ್ಲಿ ಅಗಲವಾದ ತಟ್ಟೆಯಲ್ಲಿ ಬೇಯುವುದರಿಂದ, ಹದ ತಪ್ಪಿದರೆ ಮುಚ್ಚಿಡಲು ಅದರಲ್ಲಿ ಜಾಗವೇ ಇರುವುದಿಲ್ಲ. (ಮಠದ ದಾಸೋಹವನ್ನು ಈ ಲೆಕ್ಕಕ್ಕೆ ತರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಸಾವಿರಾರು ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತು ಉಂಡ ಪ್ರಸಾದಕ್ಕೆ ಅಂಕ ಕೊಡುವುದಿಲ್ಲ.)

ಇಡ್ಲಿ ಮೇಜಿಗೆ ಬಂದ ಕೂಡಲೇ ಬೆಣ್ಣೆ ಕರಗುವ ಬಗೆಯನ್ನು ನೋಡಿ. ಹಬೆಯಿಂದ ಆಗಷ್ಟೇ ಇಳಿದ ಇಡ್ಲಿಯ ಮೇಲೆ ಬೆಣ್ಣೆಯ ಮುದ್ದೆ ತಳದಿಂದ ಕರಗುತ್ತಾ ಜಾರಿ ಅಂಚಿನವರೆಗೆ ಹರಿಯುತ್ತದೆ. ಮೊದಲೇ ಬೇಯಿಸಿಟ್ಟ ಇಡ್ಲಿಯ ಮೇಲೆ ಅದು ಇಟ್ಟಲ್ಲೇ ಕೂತಿರುತ್ತದೆ. ಆಮೇಲೆ ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ: ಗುಳಿ ಬಿದ್ದದ್ದು ತಾನಾಗಿ ಮೇಲೆದ್ದರೆ ಹಿಟ್ಟು ಚೆನ್ನಾಗಿ ಹುದುಗಿದೆ. ಮುರಿದಾಗ ಒಳಗೆ ಸಣ್ಣ ಸಣ್ಣ ಕಣ್ಣುಗಳು ಒಂದೇ ಸಮನಾಗಿ ಕಾಣಬೇಕು. ನಡುಭಾಗ ಬೆರಳಿಗೆ ಅಂಟಿದರೆ ಬೆಂದಿಲ್ಲ, ಪುಡಿಪುಡಿಯಾಗಿ ಉದುರಿದರೆ ಉದ್ದು ಕಡಿಮೆ, ಮೂಗಿಗೆ ಚುರುಕಾದ ಹುಳಿ ಬಡಿದರೆ ಹಿಟ್ಟು ಹೊತ್ತು ಮೀರಿದೆ. ತಿರುವಿಹಾಕಿ ತಳವನ್ನೂ ನೋಡಿ. ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ತಳದಲ್ಲಿ ನೇಯ್ಗೆಯ ಗುರುತು ಮೂಡಿರುತ್ತದೆ. ಕೆಲವು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿರುವುದು ಬೆಳಕಿಗೆ ಬಂದು, 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿದ ಮೇಲೆ ನಾನು ಈ ಗುರುತನ್ನು ನೋಡದೆ ತಿನ್ನುವುದಿಲ್ಲ. ಚಟ್ನಿಯ ವಿಷಯದಲ್ಲಿ ಒಂದೇ ಪ್ರಶ್ನೆ ಸಾಕು: ತೆಂಗಿನಕಾಯಿ ಹೆಚ್ಚೋ ಹುರಿಗಡಲೆ ಹೆಚ್ಚೋ? ತಿಪಟೂರಿನ ಕಾಯಿ ಮನೆಬಾಗಿಲಲ್ಲೇ ಸಿಗುವ ಜಿಲ್ಲೆಯಲ್ಲಿ ಹುರಿಗಡಲೆಯ ಗಟ್ಟಿ ಚಟ್ನಿ ಬಡಿಸುವುದಕ್ಕೆ ಬೆಲೆಯ ಕಾರಣವಿರಬಹುದು, ಆದರೂ ತಿನ್ನುವವರಿಗೆ ಅದು ತಿಳಿದಿರಬೇಕು.

ಮುದ್ದೆ ಊಟದ ಹೋಟೆಲ್‌ಗೆ ಹೋದರೆ ಅಳತೆ ಬೇರೆ. ಮುದ್ದೆ ಮುರಿದಾಗ ಒಳಗೆ ಬಿಳಿಯ ಹಿಟ್ಟಿನ ಗಂಟು ಇರಬಾರದು, ಬೆರಳಿಗೆ ಮೆತ್ತಬಾರದು, ಸಾರಿನಲ್ಲಿ ಅದ್ದಿದ ತುತ್ತು ಅಗಿಯದೆ ಗಂಟಲಲ್ಲಿ ಇಳಿಯಬೇಕು. ಬಸ್ಸಾರಿಗೆ ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟೇ ಜೀವ. ಬರೀ ನೀರಿಗೆ ಖಾರ ಕಲಸಿದ್ದರೆ ಎರಡನೇ ತುತ್ತಿಗೇ ಗೊತ್ತಾಗುತ್ತದೆ.

ಮತ್ತೆ ಹೋಗುವುದು

ಒಂದೇ ಸಲ ತಿಂದು ಬರೆದ ವಿಮರ್ಶೆ ಆ ದಿನದ ವರದಿಯಷ್ಟೇ ಆಗುತ್ತದೆ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಒಂದು ಹೋಟೆಲ್‌ನ ಇಡ್ಲಿ ಗಟ್ಟಿಯಾಗಿತ್ತೆಂದು, ಇನ್ನು ಅತ್ತ ಹೋಗುವ ಅಗತ್ಯವಿಲ್ಲವೆಂದು ಬರೆದುಬಿಟ್ಟಿದ್ದೆ. ಮಾರ್ಚ್‌ನಲ್ಲಿ ಸ್ನೇಹಿತರ ಒತ್ತಾಯಕ್ಕೆ ಮತ್ತೆ ಹೋದಾಗ ಅದೇ ಇಡ್ಲಿ ಹೂವಿನಂತಿತ್ತು. ಭಟ್ಟರನ್ನು ಕೇಳಿದಾಗ, ಮಾಗಿಯ ರಾತ್ರಿಗಳಲ್ಲಿ ಹಿಟ್ಟು ಉಬ್ಬುವುದು ತಡವೆಂದೂ, ಆ ವಾರ ರುಬ್ಬುವುದು ತಡವಾಗಿ ಹಾಗಾಗಿತ್ತೆಂದೂ ಹೇಳಿದರು. ಚಳಿಗೆ ತಕ್ಕಂತೆ ಮೊದಲೇ ರುಬ್ಬಿಡುವುದು ಅಡುಗೆಯವರ ಹೊಣೆಯೇ ಸರಿ, ಆದರೆ ಒಂದು ಬೆಳಗಿನ ಇಡ್ಲಿಯನ್ನು ನೋಡಿ ವರ್ಷದ ಇಡ್ಲಿಗೆ ತೀರ್ಪು ಕೊಟ್ಟದ್ದು ನನ್ನ ತಪ್ಪು. ಅಂದಿನಿಂದ ಕನಿಷ್ಠ ಮೂರು ಸಲ, ಬೇರೆ ಬೇರೆ ಹೊತ್ತಿಗೆ, ಅದರಲ್ಲಿ ಒಮ್ಮೆ ಭಾನುವಾರದ ಗದ್ದಲದಲ್ಲಿ ಹೋಗಿ ನೋಡದೆ ಬರೆಯುವುದನ್ನು ನಿಲ್ಲಿಸಿದ್ದೇನೆ.

ಹೋಗುವಾಗ ವಿಮರ್ಶೆ ಬರೆಯುವವರೆಂದು ಹೇಳಿಕೊಳ್ಳಬಾರದು, ಬಿಲ್ ನೀವೇ ಕೊಡಬೇಕು. ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1900ರಲ್ಲಿ ವಾಹನ ಸವಾರರಿಗಾಗಿ ಕೈಪಿಡಿ ತಂದು, 1926ರಿಂದ ಹೋಟೆಲ್‌ಗಳಿಗೆ ನಕ್ಷತ್ರ ಕೊಡಲು ತೊಡಗಿತು. ಅದರ ಪರೀಕ್ಷಕರು ಇಂದಿಗೂ ಗುರುತು ಹೇಳದೆ ಹೋಗಿ, ಹಣ ಕೊಟ್ಟು ತಿಂದು ಬರುತ್ತಾರೆ. ಮಾಲೀಕರು ಪರಿಚಯದವರಾಗಿದ್ದರೆ, ಅಥವಾ ಅವರೇ ಕರೆದು ಬಡಿಸಿದ್ದರೆ, ಅದನ್ನು ವಿಮರ್ಶೆಯ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಇದೇ ಕ್ರಮ ಬೆಂಗಳೂರಿಗೂ ಸಲ್ಲುತ್ತದೆ. 1924ರಲ್ಲಿ ಆರಂಭವಾದ ಎಂಟಿಆರ್, 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದಂತಹ ಕಡೆಗಳಿಗೆ ಎಪ್ಪತ್ತು ಕಿಲೋಮೀಟರ್ ದೂರದಿಂದ ಹೋಗುವವರು ವಾರದ ರಜೆ ಯಾವ ದಿನವೆಂಬುದನ್ನೂ ಸರದಿ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು, ಮತ್ತು ಕಾದ ಹೊತ್ತಿನ ಹಸಿವು ರುಚಿಯನ್ನು ಹೆಚ್ಚಿಸಿ ತೋರಿಸುತ್ತದೆಂಬುದನ್ನು ಬರೆಯುವಾಗ ಮರೆಯಬಾರದು.

ಬರೆಯುವ ಹೊತ್ತು

ಟಿಪ್ಪಣಿಯನ್ನು ಹೋಟೆಲ್‌ನಿಂದ ಹೊರಬಂದ ಅರ್ಧ ಗಂಟೆಯೊಳಗೆ ಮಾಡಿಕೊಳ್ಳಿ: ದಿನ, ಹೊತ್ತು, ತಿಂದದ್ದು, ಬೆಲೆ, ಕಾದ ನಿಮಿಷ, ನೆನಪಿನಲ್ಲಿ ನಿಂತ ಒಂದು ರುಚಿ. ಬರೆಯಲು ಕೂತಾಗ ‘ಸೂಪರ್’, ‘ಚೆನ್ನಾಗಿದೆ’ ಎಂಬ ಮಾತುಗಳನ್ನು ಬಿಟ್ಟುಬಿಡಿ, ಅವು ಓದುವವರಿಗೆ ಏನನ್ನೂ ಹೇಳುವುದಿಲ್ಲ. ಊಟದ ಬಗ್ಗೆ ಬರೆಯಲು ಕನ್ನಡದಲ್ಲಿ ಇರುವಷ್ಟು ಹತ್ತಿರದ ಮಾತುಗಳು ನಮಗೆ ಬೇರೆಲ್ಲೂ ಸಿಗಲಾರವು. ಹಳೆಯ ಎಣ್ಣೆಯಲ್ಲಿ ಕರಿದ ವಡೆಗೆ ‘ಕಮಟು ವಾಸನೆ’, ಸರಿಯಾಗಿ ಹುರಿಯದ ಮಸಾಲೆಗೆ ‘ಹಸಿ ವಾಸನೆ’, ತಳ ಹಿಡಿದ ಪಾಯಸಕ್ಕೆ ‘ಸೀದದ್ದು’, ರಾತ್ರಿಯ ಪಲ್ಯಕ್ಕೆ ‘ಹಳಸಲು’, ಉಪ್ಪು ಸಾಲದ ಸಾರಿಗೆ ‘ಸಪ್ಪೆ’, ಎಳೆಯ ಬಾಳೆಕಾಯಿಗೆ ‘ಒಗರು’ ಎನ್ನುತ್ತೇವೆ. ಮನೆಯಲ್ಲಿ ದಿನವೂ ಆಡುವ ಇವನ್ನೇ ವಿಮರ್ಶೆಯಲ್ಲಿ ಬರೆದರೆ ಓದುವವರ ನಾಲಿಗೆಗೂ ಭಟ್ಟರ ಕಿವಿಗೂ ನೇರವಾಗಿ ತಲುಪುತ್ತದೆ. ಕನ್ನಡದಲ್ಲೇ ಬರೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಬರಹ ಈ ರೀತಿ ಇರಬಹುದು:

‘ಮಂಗಳವಾರ ಮಧ್ಯಾಹ್ನ 1.10ಕ್ಕೆ ಇಬ್ಬರು ಹೋಗಿದ್ದೆವು, ಹನ್ನೆರಡು ನಿಮಿಷ ಕಾದೆವು. ಮುದ್ದೆ ಬಿಸಿಯಾಗಿ, ಗಂಟಿಲ್ಲದೆ ನುಣ್ಣಗಿತ್ತು. ಅವರೆಕಾಳು ಬಸ್ಸಾರಿನಲ್ಲಿ ಕಟ್ಟು ದಟ್ಟವಾಗಿತ್ತು, ಬೆಳ್ಳುಳ್ಳಿ ಒಗ್ಗರಣೆಯ ಘಮ ಕೊನೆಯವರೆಗೂ ಇತ್ತು. ಪಲ್ಯಕ್ಕೆ ಉಪ್ಪು ಸಾಲದು. ಅನ್ನ ಆರಿತ್ತು, ಕೇಳಿದಾಗ ಬಿಸಿ ಅನ್ನ ತಂದುಕೊಟ್ಟರು. ಎರಡೂವರೆಯ ನಂತರ ಹೋದರೆ ಮುದ್ದೆ ಸಿಗುವುದಿಲ್ಲ.’

ಇದರಲ್ಲಿ ಹೊಗಳಿಕೆಯೂ ಇದೆ, ಕೊರತೆಯೂ ಇದೆ, ಮುಂದೆ ಹೋಗುವವರಿಗೆ ಹೊತ್ತಿನ ಸೂಚನೆಯೂ ಇದೆ. ಬಡಿಸುವವರ ಹೆಸರು ಹಿಡಿದು ದೂರಬೇಡಿ, ದಿನಕ್ಕೆ ಹತ್ತು ಗಂಟೆ ನಿಂತೇ ಇರುವ ಹುಡುಗನ ಕೆಲಸಕ್ಕೆ ನಿಮ್ಮ ಒಂದು ಸಾಲು ಕುತ್ತಾಗಬಾರದು. ಕಂಡದ್ದನ್ನೂ ಅನಿಸಿದ್ದನ್ನೂ ಬೇರೆ ಮಾಡಿ ಬರೆಯಿರಿ: ‘ಸಾಂಬಾರ್ ತಣ್ಣಗಿತ್ತು’ ಕಂಡದ್ದು, ‘ಇವರಿಗೆ ಗ್ರಾಹಕರ ಬಗ್ಗೆ ಅಸಡ್ಡೆ’ ಎಂಬುದು ಊಹೆ. ಆಧಾರವಿಲ್ಲದ ಆರೋಪ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿಯ ವ್ಯಾಪ್ತಿಗೆ ಬರಬಹುದಾದ್ದರಿಂದ ಫೋಟೊವನ್ನೂ ಬಿಲ್ಲನ್ನೂ ಉಳಿಸಿಕೊಳ್ಳುವುದು ಒಳ್ಳೆಯದು.

ಬಿಲ್ಲನ್ನು ಓದುವುದೂ ವಿಮರ್ಶೆಯ ಭಾಗವೇ. ಸಾಮಾನ್ಯ ಹೋಟೆಲ್‌ಗಳಲ್ಲಿ ಜಿಎಸ್‌ಟಿ ಶೇ 5. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ, ಅಂದರೆ ವಹಿವಾಟಿನ ಮೇಲೆ ನಿಗದಿತ ದರದ ತೆರಿಗೆಯನ್ನು ತಾವೇ ಕಟ್ಟುವ ಸಣ್ಣ ಹೋಟೆಲ್‌ಗಳು ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ಸೇರಿಸಿದ್ದರೆ ತೆಗೆಸಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಊಟದಲ್ಲಿ ಹುಳು ಸಿಕ್ಕಿದರೆ, ತಿಂದವರಿಗೆ ಕಾಯಿಲೆಯಾದರೆ, ಅದು ವಿಮರ್ಶೆಯಲ್ಲಿ ಬರೆದು ಕೈತೊಳೆದುಕೊಳ್ಳುವ ವಿಷಯವಲ್ಲ, ಮೊದಲು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಬೇಕು.

ಬರೆದ ವಿಮರ್ಶೆಗೆ ತಿಂದ ತಿಂಗಳನ್ನೂ ವರ್ಷವನ್ನೂ ಹಾಕಿ, ಆರೇಳು ತಿಂಗಳಿಗೊಮ್ಮೆ ಮತ್ತೆ ಹೋಗಿ ತಿಂದು ತಿದ್ದಿ. ಭಟ್ಟರು ಬದಲಾದರೆ ಸಾಂಬಾರ್ ಬದಲಾಗುತ್ತದೆ, ಆಗ ಹಳೆಯ ಮಾತುಗಳನ್ನು ಅಳಿಸಿ ಹೊಸದಾಗಿಯೇ ಬರೆಯಬೇಕು.