ಕೈಗಾರಿಕಾ ತ್ಯಾಜ್ಯಕ್ಕೆ ಜಾಗ ಗುರುತಿಸುವ ಮುನ್ನ: ಮಲೆನಾಡಿನಲ್ಲಿ ನೀರಿನ ದಾರಿಯನ್ನು ಪರಿಶೀಲಿಸುವುದು ಹೇಗೆ?

ಲೋಹದ ಎರಕ ಹೊಯ್ಯುವ ಫೌಂಡ್ರಿಗಳಿಂದ ಹೊರಬೀಳುವ ಸುಟ್ಟ ಮರಳು, ಲೋಹಕ್ಕೆ ಲೇಪನ ಹಾಕುವ ಘಟಕಗಳ ಕೆಸರು, ಯಂತ್ರಗಳಲ್ಲಿ ಬಳಸಿ ಬಿಟ್ಟ ಎಣ್ಣೆ, ಬಣ್ಣದ ಡಬ್ಬಗಳ ತಳದಲ್ಲಿ ಉಳಿಯುವ ಗಸಿ, ತ್ಯಾಜ್ಯನೀರು ಶುದ್ಧೀಕರಣ ಘಟಕಗಳಲ್ಲಿ ಶೇಖರವಾಗುವ ಹೂಳು ಇವೆಲ್ಲ ಕೈಗಾರಿಕೆ ಇರುವ ಯಾವ ಜಿಲ್ಲೆಯಲ್ಲೂ ಇದ್ದೇ ಇರುತ್ತವೆ. ಶಿವಮೊಗ್ಗ, ಭದ್ರಾವತಿ, ಮಾಚೇನಹಳ್ಳಿಗಳೂ ಇದಕ್ಕೆ ಹೊರತಲ್ಲ. ಇವನ್ನು ಎಲ್ಲಾದರೂ ಒಂದು ಕಡೆ ಇಡಲೇಬೇಕು. ಆದರೆ ಆ ಜಾಗವನ್ನು ತಪ್ಪಾಗಿ ಆರಿಸಿದರೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಗ್ರಾಮದಲ್ಲಿ ಎಚ್-ಆಸಿಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಕೆಸರನ್ನು ಬಯಲಲ್ಲೇ ಸುರಿದುದರಿಂದ ಸುತ್ತಲಿನ ಬಾವಿಗಳ ನೀರು ಬಣ್ಣಗೆಟ್ಟು, ಕುಡಿಯುವುದಕ್ಕೂ ಬೆಳೆಗೂ ಬಾರದಂತಾಯಿತು. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿದ್ದು ಆ ಪ್ರಕರಣದಲ್ಲಿಯೇ. ಅಲ್ಲಿ ಆ ರಾಸಾಯನಿಕದ ಉತ್ಪಾದನೆ ನಡೆದದ್ದು ಕೆಲವೇ ವರ್ಷ.

ಮಲೆನಾಡಿನಲ್ಲಿ ಇಂಥ ಜಾಗ ಹುಡುಕುವಾಗ ಕಣ್ಣು ಮೊದಲು ಹೋಗುವುದು ‘ಪಾಳು’ ಎಂದು ಕಾಣುವ ಕಡೆಗೆ, ಅಂದರೆ ಗುಡ್ಡದ ನೆತ್ತಿಯ ಬ್ಯಾಣ (ಹುಲ್ಲುಗಾವಲು), ಗೋಮಾಳ, ಕೆಲಸ ಮುಗಿದ ಜಂಬಿಟ್ಟಿಗೆ ಕ್ವಾರಿಗಳ ಕಡೆಗೆ. ಆದರೆ ಕಣಿವೆಯ ತೋಟ, ಗದ್ದೆ, ಮನೆಬಾವಿಗಳಿಗೆಲ್ಲ ನೀರು ಇಳಿದು ಬರುವುದು ಆ ನೆತ್ತಿಯಿಂದಲೇ. ಹೀಗಾಗಿ ನಕ್ಷೆಯ ಮೇಲೆ ಮೀಟರುಗಳನ್ನು ಅಳೆದರಷ್ಟೇ ಸಾಲದು. ನೀರು ನೆಲದೊಳಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು, ಅದೂ ಮಳೆಗಾಲದಲ್ಲಿ, ಪರಿಶೀಲಿಸಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ರೈತರು ಈ ಪರಿಶೀಲನೆಯನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತ್ಯಾಜ್ಯ ಯಾವುದು, ನಿಯಮ ಯಾವುದು

ಊರಿನ ಕಸಕ್ಕೂ ಕಾರ್ಖಾನೆಯ ಅಪಾಯಕಾರಿ ತ್ಯಾಜ್ಯಕ್ಕೂ ನಿಯಮಗಳು ಬೇರೆ ಬೇರೆ. ಎರಡಕ್ಕೂ 2016ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಭೂಭರ್ತಿ ಘಟಕಗಳ ಸ್ಥಳ ಮತ್ತು ವಿನ್ಯಾಸಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡಗಳಿವೆ. ಕರ್ನಾಟಕದಲ್ಲಿ ಇಂಥ ಸಾಮೂಹಿಕ ಘಟಕ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿದೆ. ಆದ್ದರಿಂದ ಪ್ರಸ್ತಾವ ಬಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ, ಇಲ್ಲಿಗೆ ಬರುವ ತ್ಯಾಜ್ಯಗಳ ಪಟ್ಟಿ ಎಲ್ಲಿ ಎಂಬುದು. ‘ಕೈಗಾರಿಕಾ ಘನತ್ಯಾಜ್ಯ’ ಎಂಬ ಒಂದೇ ಮಾತಿನಡಿ ಫೌಂಡ್ರಿ ಮರಳೂ ಕ್ರೋಮಿಯಂ ಇರುವ ಕೆಸರೂ ಒಟ್ಟಿಗೆ ಸೇರಿದ್ದರೆ ಅಂಥ ಕಾಗದವನ್ನು ಒಪ್ಪಬಾರದು.

ನಕ್ಷೆಯ ಮೇಲಿನ ಅಂತರ

ಕೇಂದ್ರ ಮಂಡಳಿಯ ಮಾನದಂಡದ ಪ್ರಕಾರ ಅಪಾಯಕಾರಿ ತ್ಯಾಜ್ಯದ ಭೂಭರ್ತಿ ಘಟಕವು ಕೆರೆ ಅಥವಾ ಸರೋವರದಿಂದ 200 ಮೀಟರ್, ನದಿಯಿಂದ 100 ಮೀಟರ್, ಜನವಸತಿಯಿಂದ ಮತ್ತು ನೀರು ಪೂರೈಕೆಯ ಬಾವಿಯಿಂದ 500 ಮೀಟರ್ ದೂರ ಇರಬೇಕು. ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ವ್ಯಾಪಿಸುವ ಬಯಲಿನಲ್ಲಿ ಅದನ್ನು ಕಟ್ಟುವಂತಿಲ್ಲ. ಗುಂಡಿಯ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ನಡುವೆ ಕನಿಷ್ಠ 2 ಮೀಟರ್ ಅಂತರ ಇರಬೇಕು. ವನ್ಯಧಾಮ, ಜೌಗುಭೂಮಿ, ಭೂಕುಸಿತದ ಪ್ರದೇಶಗಳೂ ನಿಷಿದ್ಧ ಪಟ್ಟಿಯಲ್ಲಿವೆ. ನಮ್ಮ ಜಿಲ್ಲೆಯಲ್ಲಿ ಇದೊಂದೇ ಅಂಶ ಬಹಳಷ್ಟು ಜಾಗಗಳನ್ನು ಆರಂಭದಲ್ಲೇ ಕೈಬಿಡುವಂತೆ ಮಾಡುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ನದಿಯ ಅಂತರದ ನಿಯಮವನ್ನು ದೋಣಿ ಸಾಗಬಲ್ಲ ನದಿ-ತೊರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಜೂನ್‌ನಲ್ಲಿ ಹುಟ್ಟಿ ಜನವರಿಗೆ ಬತ್ತುವ ಹಳ್ಳಗಳು ಅದರ ಅಳತೆಗೆ ಸಿಗದೇ ಹೋಗಬಹುದು; ಆದರೆ ತುಂಗೆಗೂ ಶರಾವತಿಗೂ ವರದೆಗೂ ನೀರು ತಂದುಕೊಡುವುದು ಇಂಥ ಹಳ್ಳಗಳೇ. ಎರಡನೆಯದಾಗಿ, ಅನಿವಾರ್ಯವಾದರೆ ವಿಶೇಷ ವಿನ್ಯಾಸ ಮಾಡಿ, ರಾಜ್ಯ ಮಂಡಳಿಯ ಅನುಮತಿ ಪಡೆದು ನಿರ್ಬಂಧಿತ ಜಾಗದಲ್ಲೂ ಘಟಕ ಕಟ್ಟಲು ಮಾನದಂಡದಲ್ಲಿಯೇ ಅವಕಾಶವಿದೆ. ಪ್ರಸ್ತಾವದಲ್ಲಿ ‘ವಿಶೇಷ ವಿನ್ಯಾಸ’ ಎಂಬ ಮಾತು ಕಂಡಲ್ಲಿ, ಯಾವ ನಿಯಮವನ್ನು ಮೀರುವುದಕ್ಕಾಗಿ ಅದು ಬೇಕಾಯಿತು ಎಂದು ಬರವಣಿಗೆಯಲ್ಲಿಯೇ ಕೇಳಬೇಕು.

ಹಳ್ಳ, ಒರತೆ, ಅಬ್ಬಿ, ತೋಟದ ಕೆರೆ, ತೆರೆದ ಬಾವಿ, ಕೊಳವೆ ಬಾವಿ ಇವನ್ನೆಲ್ಲ ಊರವರೇ ಸೇರಿ ಗ್ರಾಮ ನಕ್ಷೆಯ ಮೇಲೆ ಗುರುತಿಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ನಕ್ಷೆಗಳಲ್ಲಿ ಒರತೆಗಳು ಸಾಮಾನ್ಯವಾಗಿ ಇರುವುದಿಲ್ಲ. ಯಾವ ಒರತೆ ಯಾವ ತಿಂಗಳಿನವರೆಗೆ ಹರಿಯುತ್ತದೆ ಎಂಬುದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ; ಅದನ್ನೂ ಪಕ್ಕದಲ್ಲೇ ಬರೆದಿಡಬೇಕು.

ಮಣ್ಣಿನ ಪದರಗಳನ್ನು ಓದುವುದು

ಜಂಬಿಟ್ಟಿಗೆ ತೆಗೆದ ಕ್ವಾರಿಯ ಗೋಡೆಯ ಎದುರು ನಿಂತರೆ ಮಲೆನಾಡಿನ ನೆಲದ ರಚನೆ ಕಣ್ಣಿಗೇ ಕಾಣುತ್ತದೆ. ಮೇಲ್ಗಡೆ ಗಟ್ಟಿಯಾದ, ಕಂದುಗೆಂಪಿನ ಕಲ್ಲು. ಅದರ ತುಂಬ ಬೆರಳು ತೂರುವಷ್ಟು ರಂಧ್ರಗಳಿದ್ದು, ಕೆಲವು ಕೊಳವೆಗಳಂತೆ ನೇರವಾಗಿ ಕೆಳಗೆ ಇಳಿದಿರುತ್ತವೆ. ಅದರಡಿ ಕಲ್ಲು ಮೆದುವಾಗುತ್ತ ಹೋಗಿ, ಬಿಳಿ, ಗುಲಾಬಿ, ನೇರಳೆ ಬಣ್ಣಗಳು ಬೆರೆತ ನುಣುಪಾದ ಶೇಡಿ ಮಣ್ಣು ಸಿಗುತ್ತದೆ. ಮಳೆಗಾಲದ ನಂತರದ ದಿನಗಳಲ್ಲಿ ಈ ಎರಡು ಪದರಗಳು ಕೂಡುವ ಕಡೆ ಒದ್ದೆಯ ಗೆರೆಯೊಂದು ಕಾಣುತ್ತದೆ, ಕೆಲವೆಡೆ ನೀರು ತೊಟ್ಟಿಕ್ಕುತ್ತಲೂ ಇರುತ್ತದೆ. ಜಂಬಿಟ್ಟಿಗೆಯ ರಂಧ್ರಗಳಲ್ಲಿ ಬೇಗನೆ ಇಳಿದ ನೀರು ಶೇಡಿ ಮಣ್ಣಿನಲ್ಲಿ ತಡೆಯಲ್ಪಟ್ಟು, ಪಕ್ಕಕ್ಕೆ ತಿರುಗಿ, ಇಳಿಜಾರಿನಲ್ಲಿ ಎಲ್ಲೋ ಒಂದು ಕಡೆ ಒರತೆಯಾಗಿ ಹೊರಬರುತ್ತದೆ ಎಂಬುದಕ್ಕೆ ಆ ಗೆರೆಯೇ ಸಾಕ್ಷಿ.

ಹಳೆಯ ಕ್ವಾರಿ ಹೇಗೂ ತೋಡಿದ ಗುಂಡಿ, ಅಲ್ಲಿಯೇ ತ್ಯಾಜ್ಯ ತುಂಬೋಣ ಎಂಬ ಸಲಹೆ ಬರುವುದುಂಟು. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನಲ್ಲಿ ಇದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ. ಮೇಲ್ಮಣ್ಣು ಅಲ್ಲಿ ಆಗಲೇ ಹೋಗಿರುತ್ತದೆ, ಸುತ್ತಲಿನ ಗೋಡೆ ರಂಧ್ರಮಯವಾಗಿರುತ್ತದೆ, ತಳವು ಪಕ್ಕಕ್ಕೆ ಹರಿಯುವ ನೀರಿನ ಪದರಕ್ಕೆ ಬಹಳ ಹತ್ತಿರವಾಗಿರುತ್ತದೆ. ಪ್ರಸ್ತಾವಿತ ಜಾಗದಲ್ಲಿ ಕೊರೆದು ತೆಗೆದ ಮಣ್ಣಿನ ಮಾದರಿಗಳ ದಾಖಲೆ, ಪ್ರತಿ ಪದರದ ದಪ್ಪ ಮತ್ತು ನೀರಿಳಿಯುವ ವೇಗದ ಪರೀಕ್ಷೆಯ ಫಲಿತಾಂಶಗಳನ್ನು ನೋಡದೆ ಯಾರೂ ಯಾವ ಜಾಗವನ್ನೂ ‘ಸೂಕ್ತ’ ಎನ್ನಬಾರದು.

ಬಾವಿಯ ನೀರನ್ನು ಆಗಸ್ಟ್‌ನಲ್ಲಿ ಅಳೆಯಿರಿ

ಎರಡು ಮೀಟರಿನ ನಿಯಮ ಯಾವ ತಿಂಗಳಿನ ನೀರಿನ ಮಟ್ಟಕ್ಕೆ ಅನ್ವಯವಾಗಬೇಕು? ಮಲೆನಾಡಿನ ಮಟ್ಟಿಗೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದು ಮುಖ್ಯವಾದುದು. ಏಪ್ರಿಲ್‌ನಲ್ಲಿ ತಳ ಕಾಣುವ ಬಾವಿ ಆಗಸ್ಟ್‌ನಲ್ಲಿ ಕೈಯಲ್ಲೇ ನೀರು ಮೊಗೆಯುವಷ್ಟು ತುಂಬುವುದು ನಮ್ಮಲ್ಲಿ ಸಾಮಾನ್ಯ. ಪರಿಸರ ಪರಿಣಾಮ ಅಧ್ಯಯನಗಳಿಗೆ ಮಳೆಗಾಲವನ್ನು ಬಿಟ್ಟು ಬೇರೊಂದು ಋತುವಿನಲ್ಲಿ ಮಾಹಿತಿ ಸಂಗ್ರಹಿಸುವ ರೂಢಿ ಇದೆ. ಬೇಸಿಗೆಯಲ್ಲಿ ಅಳೆದಾಗ ಗುಂಡಿಯ ತಳದಿಂದ ಏಳೆಂಟು ಮೀಟರ್ ಕೆಳಗಿದ್ದ ನೀರು ಮಳೆಗಾಲದಲ್ಲಿ ಆ ತಳವನ್ನೇ ಮುಟ್ಟಬಹುದು. ಹಾಗಾದರೆ ವರದಿಯಲ್ಲಿ ನಿಯಮ ಪಾಲನೆಯಾಗಿರುತ್ತದೆ, ನೆಲದಲ್ಲಿ ಆಗಿರುವುದಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ಜನವರಿ, ಮುಂಗಾರಿಗೆ ಮುನ್ನ, ಆಗಸ್ಟ್ ಮತ್ತು ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಹತ್ತಿರದ ವೀಕ್ಷಣಾ ಬಾವಿಯ ಹಲವು ವರ್ಷಗಳ ಆಗಸ್ಟ್ ಅಂಕಿಗಳನ್ನು ಪ್ರಸ್ತಾವದ ಜೊತೆಗೆ ಲಗತ್ತಿಸುವಂತೆ ಒತ್ತಾಯಿಸಬೇಕು.

ಊರವರೇ ಅಳೆಯುವುದೂ ಕಷ್ಟವಲ್ಲ. ಹಗ್ಗದ ತುದಿಗೆ ಭಾರ ಕಟ್ಟಿ, ಬಾವಿಕಟ್ಟೆಯ ಒಂದು ನಿಶ್ಚಿತ ಜಾಗದಲ್ಲಿ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಬೇಕು. ಅಳೆಯುವ ಹೊತ್ತು ಬೆಳಗಿನ ಜಾವವಾಗಿರಲಿ. ಪಂಪು ಚಾಲೂ ಆದ ಮೇಲೆ ಸಿಗುವ ಅಂಕಿ ನಿಜವಾದ ಮಟ್ಟವನ್ನು ಹೇಳುವುದಿಲ್ಲ.

ಹರಿವಿನ ದಿಕ್ಕು

ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳ ಮಟ್ಟ ತಿಳಿದರೆ ಆಳವಿಲ್ಲದ ಅಂತರ್ಜಲ ಯಾವ ಕಡೆಗೆ ಸಾಗುತ್ತಿದೆ ಎಂದು ಅಂದಾಜಿಸಬಹುದು. ಮೊದಲ ಬಾವಿಯ ಕಟ್ಟೆ ಸಮುದ್ರಮಟ್ಟದಿಂದ 642 ಮೀಟರ್ ಎತ್ತರದಲ್ಲಿದ್ದು ನೀರು 6 ಮೀಟರ್ ಆಳದಲ್ಲಿದೆ ಎಂದುಕೊಳ್ಳಿ. ನೀರಿನ ಮಟ್ಟ 636 ಆಯಿತು. ಎರಡನೆಯದರ ಕಟ್ಟೆ 638, ಆಳ 5, ಅಂದರೆ ಮಟ್ಟ 633. ಮೂರನೆಯದರ ಕಟ್ಟೆ 640, ಆಳ 3, ಅಂದರೆ ಮಟ್ಟ 637. ಇಲ್ಲಿ ನೆಲ ಹೆಚ್ಚು ಎತ್ತರವಿರುವುದು ಮೊದಲ ಬಾವಿಯ ಬಳಿ, ಆದರೆ ನೀರು ಹೆಚ್ಚು ಎತ್ತರವಿರುವುದು ಮೂರನೆಯದರಲ್ಲಿ. ಒಟ್ಟು ಹರಿವು ಎರಡನೆಯ ಬಾವಿಯ ಕಡೆಗೆ. ನೆಲದ ಇಳಿಜಾರನ್ನೇ ನೀರಿನ ಇಳಿಜಾರೆಂದು ಭಾವಿಸಿದರೆ ಮೋಸಹೋಗುತ್ತೇವೆ. ಕಟ್ಟೆಯ ಎತ್ತರವನ್ನು ಮೊಬೈಲಿನಿಂದ ತಿಳಿಯಲು ಹೋಗಬಾರದು, ಅದರಲ್ಲಿ ಹಲವು ಮೀಟರುಗಳ ವ್ಯತ್ಯಾಸ ಬರುತ್ತದೆ. ಸರ್ವೆ ಉಪಕರಣ ಇರುವ ಎಂಜಿನಿಯರ್ ಒಬ್ಬರ ನೆರವು ಬೇಕು.

ಕೊಳವೆ ಬಾವಿಗಳಿಗೆ ಈ ಲೆಕ್ಕ ಸಾಲುವುದಿಲ್ಲ. ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳನ್ನು ಹಿಡಿದು ಸಾಗುತ್ತದೆ, ಬಿರುಕು ಎತ್ತ ಹೋಗಿದೆಯೋ ಮಾಲಿನ್ಯವೂ ಅತ್ತ ಹೋಗುತ್ತದೆ. ಅಂಥ ಕಡೆ 500 ಮೀಟರಿನ ಅಂತರ ತಾನಾಗಿಯೇ ರಕ್ಷಣೆ ಕೊಡುವುದಿಲ್ಲವಾದ್ದರಿಂದ ನೆಲದೊಳಗೆ ವಿದ್ಯುತ್ ಹರಿಸಿ ಮಾಡುವ ವಿದ್ಯುತ್ ರೋಧ ಪರೀಕ್ಷೆಯ ಮೂಲಕ ಬಿರುಕುಗಳನ್ನು ಗುರುತಿಸಿದ ಭೂವಿಜ್ಞಾನಿಗಳ ವರದಿಯನ್ನು ಕೇಳಬೇಕು.

ಮಳೆಯ ಲೆಕ್ಕ

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ವರ್ಷಕ್ಕೆ 1,000 ಮಿ.ಮೀ. ಮಳೆಯಾಗುವ ಕಡೆ ಒಂದು ಎಕರೆ ತೆರೆದ ಗುಂಡಿಗೆ ಸುಮಾರು 40 ಲಕ್ಷ ಲೀಟರ್ ನೀರು ಬೀಳುತ್ತದೆ. ಆಗುಂಬೆಯಂತೆ 7,000 ಮಿ.ಮೀ. ಸುರಿಯುವ ಕಡೆ ಸುಮಾರು 2 ಕೋಟಿ 80 ಲಕ್ಷ ಲೀಟರ್. ಈ ನೀರು ತ್ಯಾಜ್ಯದ ಮೂಲಕ ಇಳಿದು ಲಿಚೆಟ್ ಎಂಬ ವಿಷರಸವಾಗುತ್ತದೆ. ಮಳೆ ಹೆಚ್ಚಿದ್ದರೆ ವಿಷ ತೆಳುವಾಗಿ ತೊಂದರೆ ತಪ್ಪುತ್ತದೆ ಎಂಬ ವಾದವನ್ನು ಒಪ್ಪಲಾಗದು. ಮಳೆ ಹೆಚ್ಚಿದಷ್ಟೂ ಸಂಗ್ರಹಿಸಿ ಶುದ್ಧೀಕರಿಸಬೇಕಾದ ರಸವೇ ಹೆಚ್ಚುತ್ತದೆ, ತೊಟ್ಟಿ ತುಂಬಿ ಹರಿಯುವ ಅಪಾಯವೂ ಹೆಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಗೆ ಚಾವಣಿ ಅಥವಾ ಹೊದಿಕೆ ಇದೆಯೇ, ಜಡಿಮಳೆ ದಿನಗಟ್ಟಲೆ ಬಿಡದಿದ್ದರೆ ತೊಟ್ಟಿಯ ಸಾಮರ್ಥ್ಯ ಸಾಕಾಗುತ್ತದೆಯೇ ಎಂಬುದಕ್ಕೆ ಉತ್ತರ ಲೆಕ್ಕದ ರೂಪದಲ್ಲೇ ಬರಬೇಕು.

ತಳದ ಪದರಗಳ ವಿಷಯಕ್ಕೆ ಬಂದರೆ, ಕನಿಷ್ಠ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ ಮತ್ತು ಅದರಡಿ ಒತ್ತಿ ಗಟ್ಟಿಮಾಡಿದ ಜೇಡಿಮಣ್ಣು ಇರಬೇಕು. ಆ ಜೇಡಿಮಣ್ಣಿನಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗವನ್ನು ಮೀರಬಾರದು, ಅಂದರೆ ವರ್ಷಕ್ಕೆ ಸುಮಾರು ಮೂರು ಸೆಂಟಿಮೀಟರ್. ಹೆಚ್ಚು ಮಳೆಯ ನಮ್ಮ ಕಡೆ ಇಂಥ ಜೋಡಿ ಪದರವನ್ನು ಎರಡು ಸಲ ಹಾಸಿ, ನಡುವೆ ಸೋರಿಕೆ ಪತ್ತೆಹಚ್ಚುವ ಪದರವನ್ನು ಇಡಲೇಬೇಕು. ಹಾಳೆಯ ಬೆಸುಗೆಯಲ್ಲಿ ಒಂದು ಸಣ್ಣ ಬಿರುಕು ಉಳಿದರೂ ಈ ಲೆಕ್ಕವೆಲ್ಲ ತಲೆಕೆಳಗಾಗುವುದರಿಂದಲೇ ಜಾಗದ ಆಯ್ಕೆಗೆ ಇಷ್ಟು ಮಹತ್ವ.

ನೀರಿನ ಪರೀಕ್ಷೆ ಮತ್ತು ಸಾರ್ವಜನಿಕ ಅಹವಾಲು

ಮೊದಲ ಲೋಡು ತ್ಯಾಜ್ಯ ಬರುವ ಮುನ್ನವೇ ಸುತ್ತಲಿನ ಬಾವಿ, ಒರತೆಗಳ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ಪಂಚಾಯಿತಿಯಲ್ಲಿ ಇಟ್ಟುಕೊಳ್ಳಬೇಕು; ಇಲ್ಲದಿದ್ದರೆ ಮುಂದೆ ನೀರು ಕೆಟ್ಟಾಗ ಅದು ಮೊದಲಿನಿಂದಲೂ ಹಾಗೆಯೇ ಇತ್ತು ಎಂಬ ಮಾತಿಗೆ ಉತ್ತರವಿರುವುದಿಲ್ಲ. ಕ್ಲೋರೈಡ್ ಮಣ್ಣಿಗೆ ಅಂಟದೆ ನೀರಿನ ಜೊತೆಗೇ ಸಾಗುವುದರಿಂದ ಅದರ ಏರಿಕೆ ಸೋರಿಕೆಯ ಮೊದಲ ಸೂಚನೆಯಾಗಬಹುದು. ಸೀಸ, ಕ್ರೋಮಿಯಂ ಮೊದಲಾದ ಲೋಹಗಳನ್ನೂ ಪಟ್ಟಿಗೆ ಸೇರಿಸಬೇಕು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ, ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಘಟಕದ ಸುತ್ತ ಹರಿವಿನ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಮೂರು ವೀಕ್ಷಣಾ ಬಾವಿಗಳಾದರೂ ಇರಬೇಕು. ಗುಂಡಿ ಮುಚ್ಚಿದ ನಂತರವೂ 30 ವರ್ಷ ನಿಗಾ ಇರಬೇಕು, ಅದಕ್ಕೆ ಬೇಕಾದ ಹಣವನ್ನು ಮೊದಲೇ ತೆಗೆದಿರಿಸಬೇಕು.

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಇಂಥ ಸಾಮೂಹಿಕ ಘಟಕಗಳಿಗೆ ಪೂರ್ವಾನುಮತಿ ಬೇಕು. ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅನುಮತಿ ಪಡೆದ ಕೈಗಾರಿಕಾ ಪ್ರದೇಶದೊಳಗಿನ ಯೋಜನೆಗಳಿಗೆ ಈ ಸಭೆಯಿಂದ ವಿನಾಯಿತಿ ಇರುವುದರಿಂದ, ಅಂಥ ಪ್ರದೇಶಕ್ಕೆ ಭೂಮಿ ಗುರುತಿಸುವ ಹಂತದಲ್ಲೇ ಪಂಚಾಯಿತಿಗಳು ಎಚ್ಚೆತ್ತುಕೊಳ್ಳಬೇಕಾಗುತ್ತದೆ. ಸಭೆಯಲ್ಲಿ ಮಾತನಾಡುವುದರ ಜೊತೆಗೆ ಆಕ್ಷೇಪಗಳನ್ನು ಲಿಖಿತವಾಗಿಯೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಅರ್ಜಿಗೆ ಆಗಸ್ಟ್ ತಿಂಗಳ ಬಾವಿ ಮಟ್ಟಗಳ ಪಟ್ಟಿ, ಒರತೆಗಳನ್ನು ಗುರುತಿಸಿದ ಗ್ರಾಮ ನಕ್ಷೆ ಮತ್ತು ನೀರಿನ ಪರೀಕ್ಷೆಯ ವರದಿಗಳನ್ನು ಲಗತ್ತಿಸಿ, ಸಭೆಯ ನಡಾವಳಿಯಲ್ಲಿ ಅವು ದಾಖಲಾಗಿವೆಯೇ ಎಂಬುದನ್ನು ನಡಾವಳಿಯನ್ನು ಓದಿ ಹೇಳುವಾಗ ಅಲ್ಲಿಯೇ ಖಚಿತಪಡಿಸಿಕೊಳ್ಳಬೇಕು.