ಅತ್ತಿಗೆಯ ದಿಂಬಿನಡಿಯ ಮೋಟಾರು

‘ನಾಲ್ಕು ನೂರು ರೂಪಾಯಿಯ ಬೀಗ ಹಾಕುವುದು ಬಿಟ್ಟು ಇದೆಂಥ ಆಟ ಮಾರಾಯ್ರೇ’ ಎಂದು, ಅಪ್ಪಯ್ಯ ರಾತ್ರಿ ಬಾಗಿಲು ತೆರೆದರೆ ಅತ್ತಿಗೆಯನ್ನು ಎಬ್ಬಿಸುವ ಸಾಧನಕ್ಕೆ ಸಾಮಾನು ಕೇಳಿದ ನನ್ನನ್ನು ನೋಡಿ ಶಿರಸಿಯ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯವರು ನಕ್ಕಿದ್ದರು. ಬೀಗವನ್ನೂ ಹಾಕಿ ನೋಡಿದ್ದೆವು. ಮರೆವಿನ ಕಾಯಿಲೆಯ ಅಪ್ಪಯ್ಯ ಹೊತ್ತುಗೊತ್ತಿಲ್ಲದೆ ತೋಟಕ್ಕೆ ಹೊರಡುವವರು. ಬಾಗಿಲು ತೆರೆಯದ ಸಿಟ್ಟಿಗೆ ಅವರು ಗುದ್ದಿ ಗುದ್ದಿ ಕೈ ಒಡೆದುಕೊಂಡ ಮೇಲೆ ಅಣ್ಣನೇ ಬೀಗ ತೆಗೆದ. ರಾತ್ರಿಯಿಡೀ ಕಾಯುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಈಗ ಹನ್ನೊಂದು ತಿಂಗಳಿಂದ ಅವರು ಐದಾರು ತಾಸು ನಿದ್ದೆ ಮಾಡುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಜಿಪಿಎಸ್ ಕೈಗಡಿಯಾರಕ್ಕೆ ಸುಮಾರು 4,500 ರೂಪಾಯಿ ಹೋಯಿತು. ಜೀವಮಾನದಲ್ಲಿ ಗಡಿಯಾರ ಕಟ್ಟದ ಅಪ್ಪಯ್ಯ ಮೂರನೆಯ ದಿನವೇ ಅದನ್ನು ಬಿಚ್ಚಿ ಕವಳದ (ಎಲೆಯಡಿಕೆಯ) ಬಟ್ಟಲಿನಲ್ಲಿಟ್ಟರು. ನಕ್ಷೆಯ ಪ್ರಕಾರ ಜಗಲಿಯಲ್ಲಿದ್ದವರು ನಮಗೆ ಸಿಕ್ಕಿದ್ದು ಹಳ್ಳದ ಸಂಕದ (ಕಾಲುಸೇತುವೆಯ) ಬಳಿ. ಅನಂತರ ಸಿಮ್800ಎಲ್, ಅಂದರೆ ಸಿಮ್ ಹಾಕಿ ಫೋನ್ ಕರೆ ಮಾಡಿಸುವ ಪುಟ್ಟ ಬೋರ್ಡು. ಪ್ರಸಾರದ ಕ್ಷಣದಲ್ಲಿ ಅದು ಎರಡು ಆಂಪಿಯರ್‌ವರೆಗೆ ಎಳೆಯುತ್ತದೆಂಬುದನ್ನು ಲೆಕ್ಕಿಸದೆ ತೆಳು ತಂತಿ ಬಳಸಿದ್ದರಿಂದ ಪ್ರತಿ ಕರೆಗೂ ಬೋರ್ಡು ರೀಸೆಟ್ ಆಗುತ್ತಿತ್ತು. ದಪ್ಪ ತಂತಿ ಹಾಕಿ ಸರಿಪಡಿಸುವಷ್ಟರಲ್ಲಿ ಮಳೆಗಾಲ ಹಿಡಿದು, ಕರೆಂಟಿನ ಬೆನ್ನಿಗೇ 2ಜಿ ಸಿಗ್ನಲ್ಲೂ ಮಾಯವಾಯಿತು. ಮೈಬಿಸಿಯ ಚಲನೆ ಗುರುತಿಸುವ ಪಿಐಆರ್ ಸೆನ್ಸರಿಗಂತೂ ಬೆಕ್ಕೂ ಅಪ್ಪಯ್ಯನೂ ಒಂದೇ. ಒಂದು ರಾತ್ರಿ ಬಜರ್ ಹದಿನಾಲ್ಕು ಸಲ ಕೂಗಿತು. ಮರುದಿನ ಅತ್ತಿಗೆ ಏನೂ ಹೇಳದೆ ಅದರ ಪ್ಲಗ್ ಕಿತ್ತು ನನ್ನ ಕೈಗಿತ್ತರು.

ಅಂದಿನಿಂದ ನಾನು ಇಟ್ಟುಕೊಂಡ ಅಳತೆ ಒಂದೇ: ಅತ್ತಿಗೆಯನ್ನು ಸುಳ್ಳೇ ಎಬ್ಬಿಸುವುದು ವಾರಕ್ಕೆ ಒಂದಕ್ಕಿಂತ ಹೆಚ್ಚಾಗಬಾರದು. ಹಿತ್ತಿಲ ಬಾಗಿಲಿಗೊಂದು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಬೋರ್ಡು), ಅತ್ತಿಗೆಯ ದಿಂಬಿನಡಿ ಇನ್ನೊಂದು. ಎರಡೂ ರೂಟರಿನ ಹಂಗಿಲ್ಲದೆ ಇಎಸ್‌ಪಿ-ನೌ ಎಂಬ ನೇರ ರೇಡಿಯೊ ಸಂಪರ್ಕದ ಮೂಲಕ ಮಾತನಾಡುತ್ತವೆಯಾದ್ದರಿಂದ ಕರೆಂಟು ಇರದಿದ್ದರೂ 18650 ಸೆಲ್ (ಮರುಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ) ಸಾಕು. ಬಜರಿನ ಬದಲು ಹಳೆಯ ಮೊಬೈಲಿನ ವೈಬ್ರೇಟರ್ ಮೋಟಾರು ಇರುವುದರಿಂದ ಅತ್ತಿಗೆಯೊಬ್ಬರಿಗೇ ಎಚ್ಚರವಾಗುತ್ತದೆ.

ಬಾಗಿಲು ಮಾತ್ರ ನನ್ನನ್ನು ಇಡೀ ಮಳೆಗಾಲ ಆಡಿಸಿತು. ಬಾಗಿಲು ಒತ್ತಿದರೆ ಅದುಮುವ ಮೈಕ್ರೋಸ್ವಿಚ್ಚಿಗೆ ಒಂದೂವರೆ ತಿಂಗಳಲ್ಲಿ ಕಿಲುಬು ಹಿಡಿಯಿತು. ಅಯಸ್ಕಾಂತ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್ಚಿನ ಸಂಪರ್ಕಗಳು ಗಾಜಿನ ಕೊಳವೆಯೊಳಗೆ ಮುಚ್ಚಿರುವುದರಿಂದ ಆ ತೊಂದರೆಯಿಲ್ಲ. ಆದರೆ ಹಲಸಿನ ಬಾಗಿಲು ಥಂಡಿಗೆ ಉಬ್ಬಿ ಪೂರ್ತಿ ಮುಚ್ಚದೆ, ಅಯಸ್ಕಾಂತ ದೂರವೇ ಉಳಿದು, ಮುಚ್ಚಿದ ಬಾಗಿಲೂ ತೆರೆದಿದೆಯೆಂಬ ಸುದ್ದಿ ಬರುತ್ತಿತ್ತು. ಚಿಲಕದ ಕಡೆಯಿಂದ ಕಿತ್ತು ಬಿಜಾಗರಿಯಿಂದ ಗೇಣು ದೂರಕ್ಕೆ ಕೂಡಿಸಿದ ಮೇಲೆ ಸರಿಹೋಯಿತು. ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವ ಅಣ್ಣನನ್ನೂ ಅಪ್ಪಯ್ಯನನ್ನೂ ಅದು ಹೇಗೆ ಬೇರೆ ಮಾಡುತ್ತದೆಂದು ಹಲವರು ಕೇಳಿದ್ದಾರೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ; ಕ್ಯಾಮೆರಾ ಇಲ್ಲ, ಅಷ್ಟಂತೂ ನಿಜ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಮುಸ್ಸಂಜೆಯ ಚಡಪಡಿಕೆಗೆಂದು ಎಂಪಿ3 ಮಾಡ್ಯೂಲಿನಲ್ಲಿ ಮೊಮ್ಮಗನ ದನಿ ಹಾಕಿದಾಗ, ಗೋಡೆಯೊಳಗಿಂದ ಮಗು ಕರೆಯುತ್ತಿದೆಯೆಂದು ಅಪ್ಪಯ್ಯ ಹೆದರಿದರು. ತಾಳಮದ್ದಳೆ ಹಾಕಿದರೆ ತಣ್ಣಗೆ ಕೂರುತ್ತಿದ್ದರು, ಆದರೆ ಚಂಡೆ ಕೇಳಿಸಿದೊಡನೆ ಯಕ್ಷಗಾನದ ಆಟಕ್ಕೆ ಹೊರಡಬೇಕೆಂದು ಏಳುತ್ತಿದ್ದರು. ಈಗ ಚಂಡೆಯಿಲ್ಲದ ಪದಗಳನ್ನಷ್ಟೇ ಆರಿಸಿ ಹಾಕಿದ್ದೇನೆ. ವಾರದಲ್ಲಿ ನಾಲ್ಕು ದಿನ ಫಲಿಸುತ್ತದೆ.

ಎಲ್ಲ ಸೇರಿ ಹನ್ನೆರಡು ಸಾವಿರದಷ್ಟು ಖರ್ಚಾಗಿರಬಹುದು. ಕೊನೆಗೆ ಉಳಿದ ಸಾಧನದ ಬೆಲೆ ಹೆಚ್ಚೆಂದರೆ 1,500. ಅಂಗಡಿಯವರು ತಮ್ಮ ಅತ್ತೆಗಾಗಿ ಒಂದನ್ನು ಕೇಳಿದ್ದಾರೆ. ಅದಕ್ಕೂ ಮೊದಲು ನಮ್ಮ ಮನೆಯದೇ ಕೆಲಸ ಬಾಕಿಯಿದೆ: ಅಪ್ಪಯ್ಯ ಕಳೆದ ವಾರದಿಂದ ಬಚ್ಚಲ ಕಡೆಯ ಬಾಗಿಲು ಹಿಡಿದಿದ್ದಾರೆ.