ಗಂಡನ ಮೇಲಿದ್ದ ಕೇಸು ಖುಲಾಸೆ ಆಗಿದೆ, ವೀಸಾ ಫಾರಂನಲ್ಲಿ ಏನಂತ ಬರೆಯಬೇಕು?

ನಮ್ಮ ಮನೆಯವರ ಊರು ಗಂಗಾವತಿ ಹತ್ತಿರ. ಹೊಲದ ಬದುವಿನ ಸಲುವಾಗಿ ದಾಯಾದಿಗಳ ಜೊತೆ ಜಗಳ ಆಗಿ, ಮನೆಯ ಗಂಡಸರ ಹೆಸರನ್ನೆಲ್ಲ ಎಫ್‌ಐಆರ್‌ಗೆ ಸೇರಿಸಿದ್ದರು. ಐಪಿಸಿ 323, 504, 506, ಅಂದರೆ ಹೊಡೆದಿದ್ದು, ಬೈದು ಕೆಣಕಿದ್ದು, ಬೆದರಿಸಿದ್ದು. ನಮ್ಮ ಕಡೆ ಈ ಸೆಕ್ಷನ್‌ಗಳ ಹೆಸರು ಕೇಳದ ಮನೆ ಕಡಿಮೆ ಬಿಡಿ. ಅರೆಸ್ಟ್ ತೋರಿಸಿ ಠಾಣೆಯಲ್ಲೇ ಜಾಮೀನು ಕೊಟ್ಟರು, ಆಮೇಲೆ ಕೋರ್ಟಿಗೆ ಅಲೆದೂ ಅಲೆದೂ ಕೊನೆಗೆ ರಾಜಿ ಆಯಿತು. ನಾನು ಅಮೆರಿಕದಿಂದ ಅವರನ್ನು ಕರೆಸಿಕೊಳ್ಳಲು ಐ-130 ಅನ್ನುವ ಕುಟುಂಬದ ಅರ್ಜಿ ಹಾಕಿದಾಗ ಒಬ್ಬ ಏಜೆಂಟ್ ಹೇಳಿದ್ದು, “ಕೇಸೇ ಇಲ್ವಲ್ಲಮ್ಮಾ, ಸುಮ್ನೆ ‘ಇಲ್ಲ’ ಅಂತ ಒತ್ತಿ.”

ಒತ್ತಬೇಡಿ. ವಲಸೆ ವೀಸಾಕ್ಕೆ ತುಂಬುವ ಡಿಎಸ್-260 ಫಾರಂ ಶಿಕ್ಷೆಯ ಬಗ್ಗೆ ಮಾತ್ರ ಕೇಳುವುದಿಲ್ಲ, ಯಾವತ್ತಾದರೂ ಅರೆಸ್ಟ್ ಆಗಿದ್ದೀರಾ ಅಂತಲೂ ಕೇಳುತ್ತದೆ. ಆಗಿದ್ದರೆ ಉತ್ತರ ‘ಹೌದು’. ಬಿದ್ದುಹೋದ ಕೇಸಿನಿಂದ ವೀಸಾ ತಾನಾಗಿ ತಿರಸ್ಕಾರ ಆಗುವುದಿಲ್ಲ. ಆದರೆ ಬೇಕಂತಲೇ ಮುಖ್ಯ ವಿಷಯ ಮುಚ್ಚಿಟ್ಟಿದ್ದಾರೆ ಅಂತ ವೀಸಾ ಅಧಿಕಾರಿಗೆ ಅನ್ನಿಸಿದರೆ ಜೀವನಪೂರ್ತಿ ನಿಷೇಧ, ಆಮೇಲೆ ಐ-601 ಅನ್ನುವ ಇನ್ನೊಂದು ಅರ್ಜಿ ಹಾಕಿ ಮಾಫಿ ಕೇಳಬೇಕು. ಬದುವಿನ ಜಗಳಕ್ಕೆ ಇಷ್ಟೆಲ್ಲ ಬೇಕಾ?

ಎಫ್‌ಐಆರ್‌ನಲ್ಲಿ ಹೆಸರಿದ್ದೂ ಅರೆಸ್ಟೇ ಆಗಿರದಿದ್ದರೆ, ಅಥವಾ ಅರೆಸ್ಟಿಗೆ ಮೊದಲೇ ಕೋರ್ಟಿನಿಂದ ನಿರೀಕ್ಷಣಾ ಜಾಮೀನು ತಗೊಂಡಿದ್ದರೆ, ದಾಖಲೆ ಏನು ಹೇಳುತ್ತದೆ ಅಂತ ವಕೀಲರಿಗೆ ತೋರಿಸಿಯೇ ಉತ್ತರ ಬರೆಯಿರಿ.

ನಮಗೆ ಜಾಸ್ತಿ ಕೆಲಸ ಕೊಟ್ಟಿದ್ದು ಕಾಗದಗಳು. ಮೊದಲು ಕೋರ್ಟುಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಂಕಿ-ಅಕ್ಷರದ ಸಿಎನ್‌ಆರ್ ನಂಬರ್ ಅಥವಾ ಕೇಸ್ ನಂಬರ್ ಹಾಕಿ ಹುಡುಕಿ. ಆ ನಂಬರ್ ಹಿಡಿದು ಕೇಸು ನಡೆದ ಕೋರ್ಟಿನಲ್ಲಿ ಎಫ್‌ಐಆರ್, ಚಾರ್ಜ್‌ಶೀಟ್, ಕೊನೆಯ ಆದೇಶ ಮೂರರದ್ದೂ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಜೆರಾಕ್ಸ್ ಸಾಲದು. ಪೊಲೀಸರೇ ಚಾರ್ಜ್‌ಶೀಟ್ ಹಾಕದೆ, ಕೇಸು ಮುಚ್ಚಬಹುದು ಅಂತ ‘ಬಿ ರಿಪೋರ್ಟ್’ ಹಾಕಿ ಮುಗಿಸಿದ್ದರೆ ಆ ರಿಪೋರ್ಟ್ ಮತ್ತು ಕೋರ್ಟ್ ಅದನ್ನು ಒಪ್ಪಿದ ಆದೇಶ ಎರಡೂ ಬೇಕು. ಹೈಕೋರ್ಟ್ ರದ್ದು ಮಾಡಿದ್ದರೆ ಆದೇಶ ಅಲ್ಲಿಂದಲೇ ತರಬೇಕು: ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ಹಳೇ ಕಡತ ನಾಶ ಆಗಿದೆ ಅಂದರೆ ಬಾಯಿಮಾತು ಕೇಳಿ ವಾಪಸ್ ಬರಬೇಡಿ, ಹಾಗಂತ ಒಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ ತಗೊಳ್ಳಿ.

ಆದೇಶ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದ ಮಾಡಿದವರು ಸಹಿ ಹಾಕಿರಬೇಕು.

ಪಾಸ್‌ಪೋರ್ಟ್ ಆಫೀಸಿನ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಕ್ಲೀನ್ ಬಂತು ಅಂತ ಕೇಸು ಹೇಳದೇ ಇರಬೇಡಿ, ಅದು ಬೇರೆ ಕಾಗದ, ಇದು ಬೇರೆ ಪ್ರಶ್ನೆ.

ಫಾರಂನ ವಿವರಣೆಯ ಜಾಗದಲ್ಲಿ ನಾಲ್ಕೈದು ಸಾಲು ಸಾಕು: ಯಾವ ದಿನ, ಯಾವ ಠಾಣೆ, ಯಾವ ಸೆಕ್ಷನ್, ಕೋರ್ಟ್ ಯಾವಾಗ ಏನು ಹೇಳಿತು. ದಾಯಾದಿಗಳ ಪುರಾಣ ಬೇಡ. ನಮ್ಮವರು ಒಂದೂವರೆ ಪುಟ ಬರೆದಿದ್ದರು, ಅವರ ಅಜ್ಜನ ಕಾಲದಿಂದ! ಅಷ್ಟು ಬರೆಯುವಾಗ ಕೋರ್ಟ್ ಸಾಬೀತು ಮಾಡದ ತಪ್ಪನ್ನು ನೀವೇ ಒಪ್ಪಿಕೊಂಡ ಹಾಗೆ ಒಂದು ವಾಕ್ಯ ನುಸುಳಬಹುದು, ಅದಕ್ಕೇ ಕಳಿಸುವ ಮೊದಲು ಅಮೆರಿಕದ ಇಮಿಗ್ರೇಷನ್ ವಕೀಲರು ಒಂದು ಸಲ ಓದಲಿ.

ಈಗಾಗಲೇ ‘ಇಲ್ಲ’ ಅಂತ ಕಳಿಸಿಬಿಟ್ಟಿದ್ದರೆ? ವಕೀಲರಿಗೆ ಹೇಳಿ ಇಂಟರ್‌ವ್ಯೂಗೆ ಮೊದಲೇ ತಿದ್ದಿಸಲು ನೋಡಿ. ಆಗದಿದ್ದರೆ ಇಂಟರ್‌ವ್ಯೂನಲ್ಲಿ ಅಧಿಕಾರಿ ಕೇಳುವ ಮುಂಚೆಯೇ ನಿಮ್ಮ ಗಂಡನೇ ಬಾಯಿಬಿಟ್ಟು ಹೇಳಿ, ನಕಲುಗಳನ್ನು ಮುಂದಿಡಲಿ.